ಫ್ಲೋಚಾರ್ಟ್ ಮತ್ತು ಅದರ ಮೂಲಪಾಠ

ಗಣಕಶಾಸ್ತ್ರವನ್ನು ಓದಲು ತೊಡಗಿದ ವಿದ್ಯಾರ್ಥಿಗೆ ಮೊಟ್ಟಮೊದಲು ಪರಿಚಿತವಾಗುವ ವಸ್ತುಗಳಲ್ಲಿ ಫ್ಲೋಚಾರ್ಟ್ ಅಥವಾ ಪ್ರವಾಹನಕ್ಷೆಯೂ ಒಂದು. ಆರಂಭ ಮತ್ತು ಮುಕ್ತಾಯಗಳಿಗೆ ಅಂಡಾಕೃತಿ, ಕ್ರಿಯೆಗೆ ಆಯತ, ಪ್ರಶ್ನೆಗೆ ವಜ್ರಾಕೃತಿ, ಇವುಗಳನ್ನು ಒಂದಕ್ಕೊಂದು ಕೂಡಿಸುವ ಬಾಣಗಳು. ಅದರ ಸಾಮಗ್ರಿ ಇಷ್ಟೇ. ಹಿಂದೆ ಇದನ್ನು ಕಾಗದದ ಮೇಲೆ ಅಚ್ಚುಪಟ್ಟಿಯ ನೆರವಿನಿಂದ ಬರೆಯುತ್ತಿದ್ದರು. ಇಂದಾದರೋ ಸರಳವಾದ ಕೆಲವು ಸಾಲುಗಳ ಪಠ್ಯವನ್ನು ಬ್ರೌಸರಿನಲ್ಲಿ ಬರೆದರೆ ಸಾಕು, ನಕ್ಷೆಯನ್ನು ಯಂತ್ರವೇ ರಚಿಸಿ ತೋರಿಸುತ್ತದೆ. ಈ ಬದಲಾವಣೆಯನ್ನು ಕೇವಲ ಒಂದು ಅನುಕೂಲವೆಂದು ಎಣಿಸುವುದು ರೂಢಿ. ಆದರೆ ಇದರ ಹಿಂದೆ ಸುಮಾರು ಎಪ್ಪತ್ತೈದು ವರ್ಷಗಳ ಒಂದು ವಿವಾದವಿದೆಯೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇವೆ.

ವಿವಾದದ ತಿರುಳು ಇದು: ನಕ್ಷೆ ಮತ್ತು ಪಠ್ಯ ಇವೆರಡರಲ್ಲಿ ಮೂಲ ಯಾವುದು, ಪ್ರತಿ ಯಾವುದು? ಹಸ್ತಪ್ರತಿಗಳ ಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಒಂದೇ ಕೃತಿಗೆ ಎರಡು ಪ್ರತಿಗಳಿದ್ದು, ಎರಡನ್ನೂ ಬೇರೆ ಬೇರೆ ಕೈಗಳು ತಿದ್ದುತ್ತ ಹೋದರೆ ಪಾಠಾಂತರಗಳು ಹುಟ್ಟುವುದು ಅನಿವಾರ್ಯ. ಫ್ಲೋಚಾರ್ಟಿನ ಏಳುಬೀಳುಗಳೆಲ್ಲ ಈ ಪಾಠಾಂತರದ ತೊಡಕಿಗೆ ಸಂಬಂಧಿಸಿದವೆಂದು ನಮ್ಮ ಅಭಿಪ್ರಾಯ.

೧

ಈ ಬಗೆಯ ನಕ್ಷೆ ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಫ್ರ್ಯಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿಗಳು ೧೯೨೧ರಲ್ಲಿ ಆ ದೇಶದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಕಾರ್ಯಕ್ರಮನಕ್ಷೆಗಳನ್ನು ಕುರಿತು ಒಂದು ಪ್ರಬಂಧವನ್ನು ಮಂಡಿಸಿದರು. ಕಾರ್ಖಾನೆಯಲ್ಲಿ ಒಂದು ಕೆಲಸವು ಯಾವ ಯಾವ ಹಂತಗಳನ್ನು ಹಾದು ಮುಗಿಯುತ್ತದೆಂಬುದನ್ನು ಚಿಹ್ನೆಗಳ ಮೂಲಕ ಒಂದೇ ನೋಟಕ್ಕೆ ಕಾಣಿಸಿ, ವ್ಯರ್ಥವಾದ ಹೆಜ್ಜೆಗಳನ್ನು ತೆಗೆದುಹಾಕುವುದು ಅವರ ಉದ್ದೇಶವಾಗಿತ್ತು. ಅವರ ಚಿಹ್ನೆಗಳಿಂದ ಬೆಳೆದ ಒಂದು ಪದ್ಧತಿಯನ್ನು ಅದೇ ಸಂಘವು ೧೯೪೭ರಲ್ಲಿ ಪ್ರಮಾಣವಾಗಿ ಸ್ವೀಕರಿಸಿತು. ಕ್ರಿಯೆಗೆ ವೃತ್ತ, ಸಾಗಣೆಗೆ ಬಾಣ, ಪರಿಶೀಲನೆಗೆ ಚೌಕ, ಸಂಗ್ರಹಕ್ಕೆ ತ್ರಿಕೋನ ಎಂಬಂತೆ ಅದರ ಏರ್ಪಾಡು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಗಿಲ್ಬ್ರೆತ್ ದಂಪತಿಗಳ ನಕ್ಷೆಗೆ ಮೂಲ ಕಾರ್ಖಾನೆಯಲ್ಲಿ ನಡೆಯುತ್ತಿದ್ದ ಕೆಲಸ. ಕೆಲಸವನ್ನು ಕಣ್ಣಿಂದ ನೋಡಿ ನಕ್ಷೆಯನ್ನು ಬರೆಯುತ್ತಿದ್ದರು. ನಕ್ಷೆಯನ್ನು ನೋಡಿ ಕೆಲಸವನ್ನು ತಿದ್ದುತ್ತಿದ್ದರು. ನಡುವೆ ಬರೆಹದ ಮತ್ತೊಂದು ಪ್ರತಿ ಇರಲಿಲ್ಲವಾದ್ದರಿಂದ ಪಾಠಾಂತರದ ಪ್ರಶ್ನೆ ಅಷ್ಟಾಗಿ ಏಳಲಿಲ್ಲ.

೨

ಅದೇ ೧೯೪೭ನೆಯ ಇಸವಿಯಲ್ಲಿ, ಪ್ರಿನ್ಸ್ಟನ್ನಿನ ಇನ್ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯಲ್ಲಿದ್ದ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನ್ಯೂಮನ್ ಅವರು ವಿದ್ಯುನ್ಮಾನ ಗಣಕಯಂತ್ರಕ್ಕಾಗಿ ಸಮಸ್ಯೆಗಳನ್ನು ಯೋಜಿಸುವ ಮತ್ತು ಸಂಕೇತಕ್ಕೆ ಇಳಿಸುವ ವಿಧಾನವನ್ನು ಕುರಿತು ಒಂದು ವರದಿಯ ಮೊದಲ ಸಂಪುಟವನ್ನು ಹೊರತಂದರು. ಮುಂದಿನ ಎರಡು ಸಂಪುಟಗಳು ೧೯೪೮ರಲ್ಲಿ ಬಂದವು. ಗಣಕಯಂತ್ರದ ಕೆಲಸಕ್ಕೆ ಪ್ರವಾಹನಕ್ಷೆಯನ್ನು ಒಂದು ಶಾಸ್ತ್ರವಾಗಿ ರೂಪಿಸಿದ ಗ್ರಂಥ ಇದೇ.

ನಕ್ಷೆ ಏಕೆ ಬೇಕೆಂಬುದಕ್ಕೆ ಅವರು ಕೊಡುವ ಸಮರ್ಥನೆ ಮನನೀಯವಾಗಿದೆ. ಯಂತ್ರವು ಆದೇಶಗಳನ್ನು ಬರೆದ ಸಾಲಿನಂತೆಯೇ ಒಂದಾದಮೇಲೊಂದರಂತೆ ನಡೆಸಿಬಿಡುವುದಿಲ್ಲ. ಅದು ಹಿಂದಕ್ಕೆ ಬರುತ್ತದೆ, ಮುಂದಕ್ಕೆ ಹಾರುತ್ತದೆ. ಒಂದೇ ಆದೇಶವನ್ನು ನೂರಾರು ಸಲ ಹಾದುಹೋಗುವಾಗ ಪ್ರತಿಸಲವೂ ಅದರ ಅರ್ಥ ಬೇರೆಯಾಗಿರಬಹುದು. ಆದಕಾರಣ ಸಂಕೇತ ಬರೆಯುವುದು ಶಬ್ದಕ್ಕೆ ಶಬ್ದವಿಡುವ ಭಾಷಾಂತರವಲ್ಲ. ಚಲಿಸುವ ಒಂದು ಕ್ರಿಯೆಯನ್ನು ನಿಶ್ಚಲವಾದ ಬರೆಹದಲ್ಲಿ ಹಿಡಿದಿಡುವ ಕೆಲಸ. ಈ ಚಲನೆಯನ್ನು ಮೊದಲು ನಕ್ಷೆಯಲ್ಲಿ ಗ್ರಹಿಸಬೇಕು, ಬಳಿಕ ಪ್ರತಿಯೊಂದು ಪೆಟ್ಟಿಗೆಯನ್ನೂ ಸಂಕೇತಕ್ಕೆ ಇಳಿಸಬೇಕು. ಎರಡನೆಯ ಹಂತವು ಮೊದಲನೆಯದಕ್ಕಿಂತ ಬಹುಮಟ್ಟಿಗೆ ಯಾಂತ್ರಿಕವಾದುದೆಂದು ಅವರು ಭಾವಿಸಿದ್ದರು. ಹೀಗೆ ಪ್ರಿನ್ಸ್ಟನ್ನಿನಲ್ಲಿ ನಕ್ಷೆಯೇ ಮೂಲವಾಯಿತು, ಸಂಕೇತವು ಅದರ ಪ್ರತಿಯಾಯಿತು.

ಅವರ ಪೆಟ್ಟಿಗೆಗಳಲ್ಲಿ ಒಂದು ಬಗೆಯನ್ನು ವಿಶೇಷವಾಗಿ ನೆನಪಿಡಬೇಕು. ಕ್ರಿಯೆಯ ಪೆಟ್ಟಿಗೆ, ಆಯ್ಕೆಯ ಪೆಟ್ಟಿಗೆ ಮುಂತಾದವುಗಳ ಜೊತೆಗೆ ಪ್ರತಿಪಾದನೆಯ ಪೆಟ್ಟಿಗೆಯೊಂದು ಅಲ್ಲಿತ್ತು. ಅದು ಯಂತ್ರಕ್ಕೆ ಏನನ್ನೂ ಮಾಡೆಂದು ಹೇಳುವುದಿಲ್ಲ. ನಕ್ಷೆಯ ಈ ಸ್ಥಳಕ್ಕೆ ಬಂದಾಗ ಇಂಥ ಇಂಥ ಸಂಬಂಧವು ಸತ್ಯವಾಗಿರತಕ್ಕದ್ದು ಎಂದು ಓದುಗನಿಗೆ ತಿಳಿಸುತ್ತದೆ, ಅಷ್ಟೆ. ರಾಬರ್ಟ್ ಫ್ಲಾಯ್ಡ್ ಅವರು ೧೯೬೭ರಲ್ಲಿ ಪ್ರೋಗ್ರಾಮುಗಳ ಸತ್ಯತೆಯನ್ನು ಗಣಿತದ ರೀತಿಯಲ್ಲಿ ಸಾಧಿಸುವ ವಿಧಾನವನ್ನು ಫ್ಲೋಚಾರ್ಟಿನ ಬಾಣಗಳ ಮೇಲೆ ಇಂಥ ಪ್ರತಿಪಾದನೆಗಳನ್ನು ಇರಿಸಿಯೇ ಕಟ್ಟಿದರು. ಯಂತ್ರಕ್ಕೆ ಬೇಡವಾದ, ಮನುಷ್ಯನಿಗೆ ಮಾತ್ರ ಬೇಕಾದ ಈ ಪೆಟ್ಟಿಗೆಯ ಮಾತು ಲೇಖನದ ಕೊನೆಯಲ್ಲಿ ಮತ್ತೆ ಬರುತ್ತದೆ.

೩

ನಕ್ಷೆ ಮೂಲವೆಂಬ ಸ್ಥಿತಿ ಬಹುಕಾಲ ಉಳಿಯಲಿಲ್ಲ. ಪ್ರೋಗ್ರಾಂ ಒಮ್ಮೆ ನಡೆಯತೊಡಗಿದ ಮೇಲೆ ದೋಷಗಳು ಕಾಣುತ್ತವೆ. ಅವುಗಳನ್ನು ತಿದ್ದುವುದು ಸಂಕೇತದಲ್ಲಿ. ತಿದ್ದಿದವನು ಪುನಃ ಕುಳಿತು ದೊಡ್ಡ ಹಾಳೆಯ ಮೇಲೆ ನಕ್ಷೆಯನ್ನು ಹೊಸದಾಗಿ ಬರೆಯಬೇಕು. ನಡುವೆ ಒಂದು ಪೆಟ್ಟಿಗೆಯನ್ನು ಸೇರಿಸಬೇಕಾದರೆ ಕೆಳಗಿನವೆಲ್ಲ ಜರುಗಬೇಕು. ಈ ಶ್ರಮಕ್ಕೆ ಬೇಸತ್ತು ಹಳೆಯ ನಕ್ಷೆಯನ್ನು ಹಾಗೆಯೇ ಬಿಟ್ಟುಬಿಟ್ಟರೆ ನಕ್ಷೆ ಒಂದು ಹೇಳುತ್ತದೆ, ಯಂತ್ರ ಇನ್ನೊಂದು ಮಾಡುತ್ತದೆ. ತಪ್ಪು ನಕ್ಷೆಯು ನಕ್ಷೆಯಿಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕರವೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರವಾಗಿ ಹೊಳೆದ ಯೋಚನೆ, ಸಂಕೇತವನ್ನು ಓದಿ ಯಂತ್ರವೇ ನಕ್ಷೆಯನ್ನು ಬರೆಯಲೆಂಬುದು. ಐ.ಬಿ.ಎಂ. ಸಂಸ್ಥೆಯಲ್ಲಿ ಫೋರ್ಟ್ರಾನ್ ಭಾಷೆಯನ್ನು ನಿರ್ಮಿಸಿದ ತಂಡದಲ್ಲಿದ್ದ ಲೋಯಿಸ್ ಹೈಬ್ಟ್ ಎಂಬ ವಿದುಷಿ ೧೯೫೯ರಲ್ಲಿ, ಹಲವು ಮಟ್ಟಗಳ ಫ್ಲೋಚಾರ್ಟುಗಳನ್ನು ಬರೆಯುವ ಪ್ರೋಗ್ರಾಂ ಒಂದನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಮೇಲ್ಮಟ್ಟದ ನಕ್ಷೆಯ ಒಂದು ಪೆಟ್ಟಿಗೆಯು ಕೆಳಮಟ್ಟದಲ್ಲಿ ತಾನೇ ಒಂದು ನಕ್ಷೆಯಾಗಿ ಬಿಚ್ಚಿಕೊಳ್ಳುವಂತೆ ಅದರ ವ್ಯವಸ್ಥೆ. ಡೊನಾಲ್ಡ್ ಕನೂತ್ ಅವರು ೧೯೬೩ರಲ್ಲಿ ಗಣಕಯಂತ್ರವೇ ಬರೆಯುವ ಫ್ಲೋಚಾರ್ಟುಗಳ ವಿಷಯವಾಗಿ ಬರೆದ ಲೇಖನವೂ ಇದೇ ಪರಂಪರೆಗೆ ಸೇರಿದ್ದು.

ಈ ಯೋಚನೆಯನ್ನು ಮಾರಾಟದ ಸರಕಾಗಿ ಮಾಡಿದ ಕೀರ್ತಿ ಅಪ್ಲೈಡ್ ಡೇಟಾ ರಿಸರ್ಚ್ ಎಂಬ ಸಂಸ್ಥೆಯದು. ಇದು ೧೯೫೯ರಲ್ಲಿ ಸ್ಥಾಪಿತವಾಯಿತು. ಇದರ ನೆಲೆಯೂ ಪ್ರಿನ್ಸ್ಟನ್ ಆಗಿದ್ದುದು ಒಂದು ಸೋಜಿಗ. ಅಲ್ಲಿಯ ಮಾರ್ಟಿನ್ ಗೆಟ್ಸ್ ಅವರು ೧೯೬೫ರ ಸುಮಾರಿಗೆ ಸಿದ್ಧಪಡಿಸಿದ 'ಆಟೋಫ್ಲೋ' ಎಂಬ ಪ್ರೋಗ್ರಾಂ, ಯಂತ್ರದಿಂದ ಪ್ರತ್ಯೇಕವಾಗಿ ಬೆಲೆಗೆ ಮಾರಲ್ಪಟ್ಟ ಮೊದಮೊದಲ ಸಾಫ್ಟ್‌ವೇರ್ ಸರಕುಗಳಲ್ಲಿ ಒಂದು. ಅದರ ಮೊದಲ ರೂಪದಲ್ಲಿ ಪ್ರೋಗ್ರಾಮರನೇ ತನ್ನ ಸಂಕೇತದ ನಡುವೆ ನಕ್ಷೆಗೆ ಬೇಕಾದ ಗುರುತುಗಳನ್ನು ಸೇರಿಸಬೇಕಾಗಿತ್ತು. ಈಗಾಗಲೇ ಬರೆದು ಮುಗಿಸಿದ ಪ್ರೋಗ್ರಾಮುಗಳಿಗೆ ಗುರುತು ಹಾಕುತ್ತ ಕೂರಲು ಯಾರೂ ಒಪ್ಪಲಿಲ್ಲ. ಆಮೇಲೆ ಐ.ಬಿ.ಎಂ. ೧೪೦೧ ಯಂತ್ರಕ್ಕಾಗಿ ಮಾಡಿದ ರೂಪವು ಯಾವ ಗುರುತನ್ನೂ ಬೇಡದೆ ಸಂಕೇತವನ್ನೇ ನೇರವಾಗಿ ಓದಿ ನಕ್ಷೆಯನ್ನು ಅಚ್ಚುಹಾಕುತ್ತಿತ್ತು; ಅದಕ್ಕೆ ಗಿರಾಕಿಗಳು ದೊರೆತರು.

ಐ.ಬಿ.ಎಂ. ಸಂಸ್ಥೆಯು ಅದೇ ಬಗೆಯ ಪ್ರೋಗ್ರಾಂ ಒಂದನ್ನು ತನ್ನ ಯಂತ್ರಗಳ ಜೊತೆಯಲ್ಲಿ ಬೇರೆ ಬೆಲೆಯಿಲ್ಲದೆ ಕೊಡುತ್ತಿತ್ತು. ಬಿಟ್ಟಿಯಾಗಿ ಸಿಗುವುದರ ಎದುರು ಮಾರುವುದೆಂತು? ಅಪ್ಲೈಡ್ ಡೇಟಾ ರಿಸರ್ಚ್ ೧೯೬೯ರಲ್ಲಿ ಐ.ಬಿ.ಎಂ. ಮೇಲೆ ದಾವೆ ಹೂಡಿತು, ೧೯೭೦ರಲ್ಲಿ ರಾಜಿಯಾಯಿತು. ಸರ್ಕಾರವೂ ೧೯೬೯ರಲ್ಲೇ ಏಕಸ್ವಾಮ್ಯದ ಮೊಕದ್ದಮೆಯನ್ನು ಹೂಡಿತ್ತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಐ.ಬಿ.ಎಂ. ತನ್ನ ಸಾಫ್ಟ್‌ವೇರಿಗೂ ಸೇವೆಗಳಿಗೂ ಯಂತ್ರದಿಂದ ಬೇರೆಯಾಗಿ ಬೆಲೆ ಕಟ್ಟುವುದಾಗಿ ಸಾರಿತು. ಸಾಫ್ಟ್‌ವೇರ್ ಉದ್ಯಮದ ಸ್ವತಂತ್ರ ಅಸ್ತಿತ್ವಕ್ಕೆ ದಾರಿ ಮಾಡಿದ ಈ ಘಟನಾವಳಿಯಲ್ಲಿ ಫ್ಲೋಚಾರ್ಟ್ ಬರೆಯುವ ಒಂದು ಪ್ರೋಗ್ರಾಮಿನ ಪಾತ್ರವೂ ಇತ್ತೆಂಬುದು ಮರೆಯತಕ್ಕ ಮಾತಲ್ಲ.

ಈ ಹಂತದಲ್ಲಿ ಸಂಬಂಧವು ತಲೆಕೆಳಗಾದುದನ್ನು ಓದುಗರು ಗಮನಿಸಿರಬಹುದು. ೧೯೪೭ರಲ್ಲಿ ನಕ್ಷೆ ಮೂಲ, ಸಂಕೇತ ಪ್ರತಿ. ೧೯೬೫ರಲ್ಲಿ ಸಂಕೇತ ಮೂಲ, ನಕ್ಷೆ ಪ್ರತಿ.

೪

ಇಷ್ಟು ಬೆಳೆದ ಪದ್ಧತಿ ಮುಂದಿನ ಹತ್ತು ವರ್ಷಗಳಲ್ಲಿ ಪಂಡಿತರ ಗೌರವವನ್ನು ಕಳೆದುಕೊಂಡಿತು. ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಯಾಕೋಪಿನಿ ಎಂಬ ಇಟಲಿಯ ವಿದ್ವಾಂಸರು ೧೯೬೬ರಲ್ಲಿ, ಎಂಥ ಸಿಕ್ಕುಸಿಕ್ಕಾದ ನಕ್ಷೆಯನ್ನಾದರೂ ಅನುಕ್ರಮ, ಆಯ್ಕೆ, ಆವರ್ತನೆ ಎಂಬ ಕೆಲವೇ ರಚನೆಗಳಿಂದ ಮತ್ತೆ ಕಟ್ಟಬಹುದೆಂಬುದಕ್ಕೆ ತಳಹದಿಯಾದ ಪ್ರಮೇಯವನ್ನು ಪ್ರಕಟಿಸಿದರು. ೧೯೬೮ರಲ್ಲಿ ಡೈಕ್‌ಸ್ಟ್ರ ಅವರು ಮನಬಂದ ಕಡೆಗೆ ಹಾರಿಸುವ 'ಗೋ ಟು' ಆದೇಶವನ್ನು ಪ್ರಸಿದ್ಧವಾದ ಒಂದು ಪತ್ರದಲ್ಲಿ ಖಂಡಿಸಿದರು. ಫ್ಲೋಚಾರ್ಟಿನ ಬಾಣವು ಎಲ್ಲಿಂದ ಎಲ್ಲಿಗಾದರೂ ಹೋಗಬಲ್ಲದು. ಅದು 'ಗೋ ಟು' ಆದೇಶದ ಚಿತ್ರರೂಪವೇ ಸರಿ. ಈ ಕೊರತೆಯನ್ನು ನೀಗಲು ಐಸಾಕ್ ನಾಸಿ ಮತ್ತು ಬೆನ್ ಶ್ನೈಡರ್ಮನ್ ೧೯೭೩ರಲ್ಲಿ ಬಾಣಗಳೇ ಇಲ್ಲದ, ಪೆಟ್ಟಿಗೆಯೊಳಗೆ ಪೆಟ್ಟಿಗೆಯನ್ನಿಡುವ ಬೇರೊಂದು ನಕ್ಷೆಯನ್ನು ಸೂಚಿಸಿದರು.

ಫ್ರೆಡರಿಕ್ ಬ್ರೂಕ್ಸ್ ಅವರ ಟೀಕೆ ಇನ್ನೂ ತೀಕ್ಷ್ಣವಾದುದು. ಸಾಫ್ಟ್‌ವೇರ್ ನಿರ್ಮಾಣವನ್ನು ಕುರಿತ ೧೯೭೫ರ ತಮ್ಮ ಗ್ರಂಥದಲ್ಲಿ, ಫ್ಲೋಚಾರ್ಟಿಗೆ ಅದರ ಯೋಗ್ಯತೆಗೆ ಮೀರಿದ ಪ್ರಚಾರ ದೊರೆತಿದೆಯೆಂದು ಅವರು ವಾದಿಸಿದರು. ಅನುಭವಸ್ಥರಾದ ಪ್ರೋಗ್ರಾಮರುಗಳು ಮೊದಲು ನಕ್ಷೆ ಬರೆದು ಆಮೇಲೆ ಸಂಕೇತ ಬರೆಯುವುದು ರೂಢಿಯಲ್ಲಿಲ್ಲ. ನಿಯಮಕ್ಕಾಗಿ ಕೆಲಸ ಮುಗಿದ ಮೇಲೆ ನಕ್ಷೆಯನ್ನು ತಯಾರಿಸಿ ಒಪ್ಪಿಸುತ್ತಾರೆಂಬುದು ಅವರ ವಾದದ ಸಾರ. ಗೋಲ್ಡ್‌ಸ್ಟೈನ್ ಮತ್ತು ವಾನ್ ನ್ಯೂಮನ್ ಅವರ ಕಾಲದಲ್ಲಿ ಸಂಕೇತವು ಬರಿಯ ಅಂಕಿಗಳ ಸಾಲಾಗಿದ್ದುದರಿಂದ ನಕ್ಷೆಯೇ ಮೇಲ್ಮಟ್ಟದ ಭಾಷೆಯ ಕೆಲಸ ಮಾಡುತ್ತಿತ್ತು; ನಿಜವಾದ ಮೇಲ್ಮಟ್ಟದ ಭಾಷೆಗಳು ಬಂದಮೇಲೆ ಆ ಅಗತ್ಯ ತೀರಿತೆಂಬುದು ಅವರು ತೋರಿಸುವ ಕಾರಣ. ಇದು ಒಪ್ಪತಕ್ಕ ಕಾರಣವೆಂದೇ ನಮಗೆ ತೋರುತ್ತದೆ.

೧೯೭೭ರಲ್ಲಿ ಶ್ನೈಡರ್ಮನ್ ಮತ್ತು ಸಹೋದ್ಯೋಗಿಗಳು ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದರು. ವಿವರವಾದ ಫ್ಲೋಚಾರ್ಟ್ ಕೈಯಲ್ಲಿದ್ದ ವಿದ್ಯಾರ್ಥಿಗಳು, ಇಲ್ಲದಿದ್ದವರಿಗಿಂತ ಪ್ರೋಗ್ರಾಮನ್ನು ಬರೆಯುವುದರಲ್ಲಾಗಲಿ, ಗ್ರಹಿಸುವುದರಲ್ಲಾಗಲಿ, ತಿದ್ದುವುದರಲ್ಲಾಗಲಿ ಗಮನಾರ್ಹವಾಗಿ ಮುಂದಿರಲಿಲ್ಲವೆಂದು ಅವರು ವರದಿ ಮಾಡಿದರು. ಆದರೆ ೧೯೮೯ರಲ್ಲಿ ಡೇವಿಡ್ ಸ್ಕ್ಯಾನ್ಲನ್ ಅವರು ನಡೆಸಿದ ಪ್ರಯೋಗವು ಬೇರೆ ದಿಕ್ಕನ್ನು ತೋರಿಸಿತು: ಸುವ್ಯವಸ್ಥಿತವಾಗಿ ಬರೆದ ಫ್ಲೋಚಾರ್ಟಿನಿಂದ ಒಂದು ವಿಧಾನವನ್ನು ಗ್ರಹಿಸುವುದು, ಅದನ್ನೇ ಮಾತಿನ ಸಾಲುಗಳಲ್ಲಿ ಬರೆದ ರೂಪದಿಂದ ಗ್ರಹಿಸುವುದಕ್ಕಿಂತ ಸುಲಭವೆಂದು ಅವರ ನಿರ್ಣಯ. ಈ ಎರಡು ಫಲಿತಾಂಶಗಳು ಪರಸ್ಪರ ವಿರುದ್ಧವೆಂದು ಹೇಳಬೇಕಾಗಿಲ್ಲ. ಸಂಕೇತದ ಪ್ರತಿ ಸಾಲನ್ನೂ ಪೆಟ್ಟಿಗೆಯಲ್ಲಿ ತುಂಬಿದ ನಕ್ಷೆಯಿಂದ ಸಂಕೇತವನ್ನು ಓದಬಲ್ಲವನಿಗೆ ಹೊಸದೇನೂ ದೊರೆಯುವುದಿಲ್ಲ. ವಿಚಾರದ ಕವಲುಗಳನ್ನು ತೋರಿಸುವ ನಕ್ಷೆಯಿಂದ ದೊರೆಯುತ್ತದೆ. ಆಟೋಫ್ಲೋ ಬಗೆಯ ನಕ್ಷೆಯ ದೌರ್ಬಲ್ಯವೂ ಇಲ್ಲಿಯೇ ಇದೆ. ಅದು ಎಂದಿಗೂ ಸುಳ್ಳು ಹೇಳದು. ಆದರೆ ಸಂಕೇತದಲ್ಲಿ ಇಲ್ಲದ ಒಂದು ಮಾತನ್ನೂ ಹೇಳದು.

೫

ನಕ್ಷೆಗೆ ಅದರದೇ ಆದ ಪುಟ್ಟ ಭಾಷೆಯೊಂದನ್ನು ಕೊಟ್ಟರೆ ಹೇಗೆ ಎಂಬ ವಿಚಾರ ಬೆಳೆದದ್ದು ಬೇರೊಂದು ಕಡೆಯಲ್ಲಿ, ಪುಸ್ತಕಗಳನ್ನು ಅಚ್ಚಿಗೆ ಅಳವಡಿಸುವವರ ನಡುವೆ. ಬೆಲ್ ಪ್ರಯೋಗಾಲಯದ ಬ್ರಯನ್ ಕರ್ನಿಗನ್ ೧೯೮೨ರಲ್ಲಿ ವಿವರಿಸಿದ 'ಪಿಕ್' ಎಂಬ ಭಾಷೆಯಲ್ಲಿ ಪೆಟ್ಟಿಗೆ, ಬಾಣ, ಬಲಕ್ಕೆ, ಕೆಳಕ್ಕೆ ಎಂಬಂಥ ಪದಗಳನ್ನು ಬರೆದು ಚಿತ್ರವನ್ನು ಪಡೆಯಬಹುದಾಗಿತ್ತು. ಆದರೆ ಯಾವುದು ಎಲ್ಲಿರಬೇಕೆಂಬುದನ್ನು ಬರೆಯುವವನೇ ಹೇಳಬೇಕಾಗಿತ್ತು. ಸ್ಥಾನವನ್ನೂ ಯಂತ್ರವೇ ನಿರ್ಧರಿಸಬೇಕಾದರೆ ಬೇರೆ ವಿದ್ಯೆ ಬೇಕು. ಅದನ್ನು ೧೯೮೧ರಲ್ಲಿ ಒದಗಿಸಿದವರು ಜಪಾನಿನ ಸುಗಿಯಾಮಾ, ಟಗಾವಾ ಮತ್ತು ಟೋಡಾ. ಬೆಲ್ ಪ್ರಯೋಗಾಲಯದ ಗ್ಯಾನ್ಸ್ನರ್, ಕೌಟ್ಸೋಫಿಯೋಸ್, ನಾರ್ತ್ ಮತ್ತು ವೋ ಅವರು ಅದನ್ನು ಬಹಳವಾಗಿ ಸುಧಾರಿಸಿ ೧೯೯೩ರಲ್ಲಿ ಪ್ರಕಟಿಸಿದ ವಿಧಾನವು 'ಡಾಟ್' ಎಂಬ ಪ್ರೋಗ್ರಾಮಿನ ರೂಪದಲ್ಲಿ, ಗ್ರಾಫ್‌ವಿಜ್ ಎಂಬ ಸಾಫ್ಟ್‌ವೇರಿನ ಅಂಗವಾಗಿ, ಇಂದಿಗೂ ಬಳಕೆಯಲ್ಲಿದೆ.

ಈ ವಿದ್ಯೆಯನ್ನು ಒಂದು ಉದಾಹರಣೆಯಿಂದ ತಿಳಿಯುವುದು ಲೇಸು. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿಯುವ ಯೂಕ್ಲಿಡನ ವಿಧಾನವನ್ನು ತೆಗೆದುಕೊಳ್ಳೋಣ. ಕನೂತ್ ಅವರು ೧೯೬೮ರ ತಮ್ಮ ಮಹಾಗ್ರಂಥದ ಆದಿಯಲ್ಲಿ ಫ್ಲೋಚಾರ್ಟ್ ಸಹಿತ ವಿವರಿಸಿದ ವಿಧಾನವೂ ಇದೇ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಬೇಕು. ಶೇಷ ಸೊನ್ನೆಯಾದರೆ ಚಿಕ್ಕ ಸಂಖ್ಯೆಯೇ ಉತ್ತರ. ಇಲ್ಲವಾದರೆ ಚಿಕ್ಕದನ್ನು ದೊಡ್ಡದರ ಸ್ಥಾನದಲ್ಲಿ, ಶೇಷವನ್ನು ಚಿಕ್ಕದರ ಸ್ಥಾನದಲ್ಲಿ ಇಟ್ಟು ಮತ್ತೆ ಭಾಗಿಸಬೇಕು. ೪೮ ಮತ್ತು ೧೮ನ್ನು ತೆಗೆದುಕೊಂಡರೆ ಶೇಷಗಳು ಕ್ರಮವಾಗಿ ೧೨, ೬, ೦ ಆಗಿ, ಉತ್ತರ ೬ ಬರುತ್ತದೆ. ಇದರ ನಕ್ಷೆಯನ್ನು ಪಠ್ಯವಾಗಿ ಹೀಗೆ ಬರೆಯಬಹುದು:

ಆರಂಭ --> ಭಾಗಿಸು
ಭಾಗಿಸು --> ಶೇಷ ಸೊನ್ನೆಯೆ?
ಶೇಷ ಸೊನ್ನೆಯೆ? -- ಹೌದು --> ಮುಕ್ತಾಯ
ಶೇಷ ಸೊನ್ನೆಯೆ? -- ಇಲ್ಲ --> ಸ್ಥಾನ ಬದಲಿಸು
ಸ್ಥಾನ ಬದಲಿಸು --> ಭಾಗಿಸು

ಐದು ಪೆಟ್ಟಿಗೆಗಳು, ಐದು ಬಾಣಗಳು. ಯಾವ ಪೆಟ್ಟಿಗೆ ಎಲ್ಲಿರಬೇಕೆಂಬ ಮಾತು ಇಲ್ಲಿ ಒಂದೂ ಇಲ್ಲ. ಯಂತ್ರವು ಮೊದಲು ಸುತ್ತಿಬರುವ ದಾರಿಯನ್ನು ಹುಡುಕಿ, ಕೊನೆಯ ಬಾಣವು ಹಿಂದಕ್ಕೆ ಹೋಗುತ್ತಿರುವುದನ್ನು ಕಂಡು, ಅದನ್ನು ತಾತ್ಕಾಲಿಕವಾಗಿ ತಿರುಗಿಸಿ ಇಟ್ಟುಕೊಳ್ಳುತ್ತದೆ. ಬಳಿಕ ಪೆಟ್ಟಿಗೆಗಳನ್ನು ಸ್ತರಗಳಾಗಿ ವಿಂಗಡಿಸುತ್ತದೆ: ಮೊದಲನೆಯದರಲ್ಲಿ ಆರಂಭ, ಎರಡನೆಯದರಲ್ಲಿ ಭಾಗಾಕಾರ, ಮೂರನೆಯದರಲ್ಲಿ ಪ್ರಶ್ನೆ, ನಾಲ್ಕನೆಯದರಲ್ಲಿ ಮುಕ್ತಾಯ ಮತ್ತು ಸ್ಥಾನಪಲ್ಲಟ. ತಿರುಗಿಸಿಟ್ಟ ಬಾಣವು ಎರಡನೆಯ ಸ್ತರದಿಂದ ನಾಲ್ಕನೆಯದಕ್ಕೆ ಮೂರನೆಯದನ್ನು ದಾಟಿ ಹೋಗಬೇಕಾದ್ದರಿಂದ, ಮೂರನೆಯ ಸ್ತರದಲ್ಲಿ ಅದಕ್ಕಾಗಿ ಕಣ್ಣಿಗೆ ಕಾಣದ ಒಂದು ಸ್ಥಾನವನ್ನು ಕಾದಿರಿಸುತ್ತದೆ. ಆಮೇಲೆ ಪ್ರತಿ ಸ್ತರದಲ್ಲಿಯೂ ಎಡಬಲಗಳ ನಿರ್ಣಯ. ಕಾದಿರಿಸಿದ ಸ್ಥಾನವು ಪ್ರಶ್ನೆಯ ಎಡಕ್ಕಿದ್ದು, ಸ್ಥಾನಪಲ್ಲಟದ ಪೆಟ್ಟಿಗೆ ಮುಕ್ತಾಯದ ಬಲಕ್ಕಿದ್ದರೆ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಕಾದಿರಿಸಿದ ಸ್ಥಾನವನ್ನು ಬಲಕ್ಕೆ ಸರಿಸಿದರೆ ಕತ್ತರಿಸುವುದಿಲ್ಲ. ಕೊನೆಗೆ ಅಳತೆಗಳನ್ನು ಗೊತ್ತುಮಾಡಿ, ತಿರುಗಿಸಿದ ಬಾಣವನ್ನು ಮತ್ತೆ ನೇರಮಾಡಿ ಚಿತ್ರವನ್ನು ಬರೆಯುತ್ತದೆ.

ಐದು ಪೆಟ್ಟಿಗೆಗಳಲ್ಲಿ ಇದು ಆಟದಂತೆ ಕಾಣುತ್ತದೆ. ಆದರೆ ಗೆರೆಗಳ ಕತ್ತರಿಯನ್ನು ಕನಿಷ್ಠಗೊಳಿಸುವ ಪ್ರಶ್ನೆಯು ಸಾಮಾನ್ಯ ರೂಪದಲ್ಲಿ ಅತ್ಯಂತ ಕಠಿನವಾದ ಗಣನೆಗಳ ವರ್ಗಕ್ಕೆ ಸೇರಿದುದೆಂದು ಗ್ಯಾರಿ ಮತ್ತು ಜಾನ್ಸನ್ ೧೯೮೩ರಲ್ಲಿ ಸಾಧಿಸಿದರು. ಆದ್ದರಿಂದ ಈ ಪ್ರೋಗ್ರಾಮುಗಳು ಸರ್ವೋತ್ತಮವಾದ ನಕ್ಷೆಯನ್ನು ಕೊಡುವುದಾಗಿ ಭರವಸೆಯೀಯದೆ, ಸಾಮಾನ್ಯವಾಗಿ ಒಳ್ಳೆಯದಾಗುವ ನಕ್ಷೆಯನ್ನು ಬೇಗನೆ ಕೊಡುವ ಉಪಾಯಗಳನ್ನು ಅನುಸರಿಸುತ್ತವೆ.

೬

ಉಳಿದದ್ದು ಬ್ರೌಸರಿನ ಮಾತು. ೧೯೯೫ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯು ಬ್ರೌಸರಿನೊಳಕ್ಕೆ ಬಂದುದರಿಂದ, ಓದುವ ಸಾಧನವೇ ಗಣನೆ ಮಾಡುವ ಸಾಧನವೂ ಆಯಿತು. ಗೆರೆ, ಆಕೃತಿ, ಅಕ್ಷರಗಳನ್ನು ಪಠ್ಯದಲ್ಲಿಯೇ ವರ್ಣಿಸುವ ಎಸ್.ವಿ.ಜಿ. ಎಂಬ ಚಿತ್ರರೂಪವು ೨೦೦೧ರಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಶಿಫಾರಸಾಗಿ ಹೊರಬಂದು, ಕಾಲಕ್ರಮದಲ್ಲಿ ಎಲ್ಲ ಪ್ರಮುಖ ಬ್ರೌಸರುಗಳಲ್ಲಿಯೂ ನೆಲೆಗೊಂಡಿತು. ಈ ಎರಡು ಸೌಕರ್ಯಗಳ ಮೇಲೆ, ಪಠ್ಯದಿಂದ ಫ್ಲೋಚಾರ್ಟನ್ನು ಬ್ರೌಸರಿನೊಳಗೇ ರಚಿಸುವ ಹಲವು ಪ್ರೋಗ್ರಾಮುಗಳು ಹುಟ್ಟಿದವು. ಫ್ಲೋಚಾರ್ಟ್.ಜೆ.ಎಸ್. ಎಂಬುದು ಅವುಗಳಲ್ಲೊಂದು, ಅದರಲ್ಲಿ ಮೊದಲು ಪ್ರತಿಯೊಂದು ಪೆಟ್ಟಿಗೆಯ ಹೆಸರು, ಜಾತಿ ಮತ್ತು ಬರೆಹವನ್ನು ಹೇಳಿ, ಬಳಿಕ ಅವುಗಳ ಸಂಬಂಧವನ್ನು ಬಾಣಗಳಿಂದ ಸೂಚಿಸಬೇಕು. ಕ್ನೂಟ್ ಸ್ವೈಡ್‌ಕ್ವಿಸ್ಟ್ ಅವರು ೨೦೧೪ರಲ್ಲಿ ಹೊರತಂದ 'ಮರ್ಮೇಡ್' ಹೆಚ್ಚು ಪ್ರಚಾರ ಪಡೆಯಿತು. ಅದರಲ್ಲಿ ಪೆಟ್ಟಿಗೆಯ ಆಕೃತಿಯನ್ನು ಆವರಣಚಿಹ್ನೆಗಳೇ ಸೂಚಿಸುತ್ತವೆ: ಚೌಕಾವರಣದೊಳಗಿನ ಬರೆಹ ಆಯತವಾಗುತ್ತದೆ, ಪುಷ್ಪಾವರಣದೊಳಗಿನದು ವಜ್ರಾಕೃತಿಯಾಗುತ್ತದೆ. ಪೆಟ್ಟಿಗೆಗಳನ್ನು ಇರಿಸುವ ಅದರ ಮೂಲ ಕ್ರಮವು ಮೇಲೆ ವಿವರಿಸಿದ ಸ್ತರವಿಧಾನವೇ. ಪ್ರೋಗ್ರಾಮುಗಳನ್ನು ಕಾಪಿಡುವ ಗಿಟ್‌ಹಬ್ ತಾಣವು ೨೦೨೨ರ ಫೆಬ್ರವರಿಯಿಂದ ಮರ್ಮೇಡ್ ಪಠ್ಯವನ್ನು ಕಂಡಕೂಡಲೆ ನಕ್ಷೆಯಾಗಿ ತೋರಿಸತೊಡಗಿದ ಮೇಲೆ ಈ ಪದ್ಧತಿ ಸರ್ವಸಾಮಾನ್ಯವಾಯಿತು.

ಬ್ರೌಸರಿನಲ್ಲಿಯೇ ಕೆಲಸ ನಡೆಯುವುದರಿಂದ ಕನ್ನಡಿಗರಿಗೆ ಒಂದು ವಿಶೇಷ ಲಾಭವುಂಟು. ಪೆಟ್ಟಿಗೆಯ ಅಗಲವನ್ನು ಗೊತ್ತುಮಾಡಲು ಅದರೊಳಗಿನ ಬರೆಹದ ಅಗಲ ತಿಳಿದಿರಬೇಕು. ರೋಮನ್ ಲಿಪಿಯಲ್ಲಿ ಅಕ್ಷರಗಳ ಅಗಲವನ್ನು ಕೂಡಿಸುತ್ತ ಹೋದರೆ ಹೆಚ್ಚುಕಡಮೆ ಸರಿಹೋದೀತು. ಕನ್ನಡದಲ್ಲಿ ಗುಣಿತಾಕ್ಷರವೂ ಒತ್ತಕ್ಷರವೂ ಕೂಡಿ ಆಕಾರವೇ ಬದಲಾಗುವುದರಿಂದ ಅಂಥ ಲೆಕ್ಕ ತಪ್ಪುತ್ತದೆ. ಬ್ರೌಸರಾದರೋ ಕನ್ನಡವನ್ನು ಜೋಡಿಸುವ ವಿದ್ಯೆಯನ್ನು ಮೊದಲೇ ಬಲ್ಲದು. ಬರೆಹವನ್ನು ಜೋಡಿಸಿ, ಅಳೆದು, ಆಮೇಲೆ ಪೆಟ್ಟಿಗೆಯನ್ನು ಕಟ್ಟುವುದು ಅಲ್ಲಿ ಸಾಧ್ಯ. ಭಾಷೆಯ ಸೂಚಕ ಪದಗಳು ರೋಮನ್ ಲಿಪಿಯಲ್ಲೇ ಇದ್ದರೂ, ಪೆಟ್ಟಿಗೆಯೊಳಗಿನ ಮಾತನ್ನು ಉದ್ಧರಣಚಿಹ್ನೆಗಳ ನಡುವೆ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. 'ಶೇಷ ಸೊನ್ನೆಯೆ?' ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿ ತನ್ನ ನುಡಿಯಲ್ಲೇ ಕೇಳಬಹುದು.

೭

ಹಾಗಾದರೆ ಪಾಠಾಂತರದ ತೊಡಕು ಪರಿಹಾರವಾಯಿತೆ? ಅರ್ಧ ಮಾತ್ರ ಆಯಿತೆಂದು ನಮ್ಮ ಅಭಿಪ್ರಾಯ.

ಪರಿಹಾರವಾದ ಭಾಗವನ್ನು ಮೊದಲು ಹೇಳುವುದು ನ್ಯಾಯ. ನಕ್ಷೆಗೆ ಮೂಲಪಾಠ ದೊರೆತುದರಿಂದ ಮತ್ತೆ ಬರೆಯುವ ಶ್ರಮ ತಪ್ಪಿತು. ಒಂದು ಸಾಲನ್ನು ಸೇರಿಸಿದರೆ ಉಳಿದ ಪೆಟ್ಟಿಗೆಗಳು ತಾವಾಗಿ ಸರಿದು ಎಡೆಮಾಡಿಕೊಡುತ್ತವೆ. ಆ ಪಾಠವನ್ನು ಪ್ರೋಗ್ರಾಮಿನ ಪಕ್ಕದಲ್ಲೇ ಇಡಬಹುದು. ೨೦೦೫ರಲ್ಲಿ ಬಂದ ಗಿಟ್ ಮೊದಲಾದ ಸಾಧನಗಳು ಎರಡು ಆವೃತ್ತಿಗಳನ್ನು ಸಾಲಿಗೆ ಸಾಲು ಹೋಲಿಸಿ ವ್ಯತ್ಯಾಸವನ್ನು ತೋರಿಸಬಲ್ಲವು. ಚಿತ್ರವಾಗಿ ಉಳಿದ ನಕ್ಷೆಯಲ್ಲಿ ಇದು ಸುಲಭಸಾಧ್ಯವಲ್ಲ. ಯಾರು ಯಾವ ದಿನ ಯಾವ ಬಾಣವನ್ನು ತಿದ್ದಿದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಹಿಂದಿನ ಸಂಪಾದಕರಿಗೆ ಇಂಥ ಭಾಗ್ಯವಿದ್ದಿದ್ದರೆ ಎಷ್ಟೋ ವಿವಾದಗಳು ಹುಟ್ಟುತ್ತಲೇ ಇರಲಿಲ್ಲ.

ಉಳಿದ ಅರ್ಧದ ಮಾತು ಬೇರೆ. ನಕ್ಷೆಯ ಪಠ್ಯವು ಪ್ರೋಗ್ರಾಮಿನ ಪಠ್ಯವಲ್ಲ. ಪ್ರೋಗ್ರಾಮನ್ನು ತಿದ್ದಿ ನಕ್ಷೆಯ ಪಠ್ಯವನ್ನು ತಿದ್ದದೆ ಬಿಟ್ಟರೆ ೧೯೫೦ರ ದಶಕದ ಅದೇ ಅವಸ್ಥೆ ಮರಳಿ ಬರುತ್ತದೆ. ವ್ಯತ್ಯಾಸವೇನೆಂದರೆ ಈಗ ಸುಳ್ಳು ನಕ್ಷೆಯು ಹಿಂದಿಗಿಂತ ಅಂದವಾಗಿರುತ್ತದೆ. ಆಟೋಫ್ಲೋ ಸುಳ್ಳು ಹೇಳುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಸಂಕೇತವಲ್ಲದೆ ಬೇರೆ ಮೂಲವಿರಲಿಲ್ಲ. ಮರ್ಮೇಡ್ ಸುಳ್ಳು ಹೇಳಬಲ್ಲದು, ಏಕೆಂದರೆ ಅದರ ಮೂಲ ಮನುಷ್ಯನ ಮನಸ್ಸು. ಆದರೆ ಇದನ್ನು ದೋಷವೆಂದು ಮಾತ್ರ ಎಣಿಸುವುದು ತಪ್ಪಾದೀತು. ಗೋಲ್ಡ್‌ಸ್ಟೈನ್ ಮತ್ತು ವಾನ್ ನ್ಯೂಮನ್ ಅವರ ಪ್ರತಿಪಾದನೆಯ ಪೆಟ್ಟಿಗೆಯನ್ನು ಇಲ್ಲಿ ಸ್ಮರಿಸಬೇಕು. 'ಈ ಸ್ಥಳದಲ್ಲಿ ಶೇಷವು ಭಾಜಕಕ್ಕಿಂತ ಚಿಕ್ಕದಾಗಿರತಕ್ಕದ್ದು' ಎಂಬ ಮಾತು ಯೂಕ್ಲಿಡನ ವಿಧಾನದ ಜೀವಾಳ. ವಿಧಾನವು ಎಂದಾದರೂ ಮುಗಿಯುತ್ತದೆಂಬ ಭರವಸೆ ನಿಂತಿರುವುದು ಅದರ ಮೇಲೆಯೇ. ಸಂಕೇತವು ಆದೇಶಗಳನ್ನಷ್ಟೇ ಹೇಳುವುದಾದರೆ ಆ ಮಾತು ಅಲ್ಲಿ ಬರೆದಿರುವುದಿಲ್ಲ, ಆದ್ದರಿಂದ ಆಟೋಫ್ಲೋ ನಕ್ಷೆಯಲ್ಲಿಯೂ ಬರಲಾರದು. ಮನುಷ್ಯನು ಬರೆದ ನಕ್ಷೆಯಲ್ಲಿ ಬರಬಹುದು. ಸುಳ್ಳು ಹೇಳಲಾರದ ನಕ್ಷೆ ಉದ್ದೇಶವನ್ನೂ ಹೇಳಲಾರದು. ಉದ್ದೇಶವನ್ನು ಹೇಳಬಲ್ಲ ನಕ್ಷೆಯ ಸತ್ಯವನ್ನು ಮನುಷ್ಯನೇ ಕಾಯಬೇಕು.

ಇನ್ನೊಂದು ನಷ್ಟವನ್ನೂ ಸೂಚಿಸಬೇಕು. ಕೈಯಿಂದ ಬರೆಯುವವನು ಮುಖ್ಯ ದಾರಿಯನ್ನು ನಡುವೆ ನೇರವಾಗಿ ಇಳಿಸಿ, ಅಪವಾದಗಳನ್ನು ಪಕ್ಕಕ್ಕೆ ಇಡುತ್ತಾನೆ. ಸ್ಥಾನವೇ ಅವನಿಗೆ ಅರ್ಥ. ಸ್ತರವಿಧಾನಕ್ಕೆ ಮುಖ್ಯ ಯಾವುದು, ಅಪವಾದ ಯಾವುದು ಎಂಬ ವಿವೇಕವಿಲ್ಲ. ಅದು ಗೆರೆಗಳ ಕತ್ತರಿಯನ್ನೂ ಉದ್ದವನ್ನೂ ಮಾತ್ರ ನೋಡುತ್ತದೆ. ದೊಡ್ಡ ನಕ್ಷೆಗಳಲ್ಲಿ ಒಂದೇ ಸಾಲನ್ನು ಸೇರಿಸಿದರೂ ಚಿತ್ರವೆಲ್ಲ ಬೇರೆ ರೀತಿಯಲ್ಲಿ ಜೋಡಣೆಯಾಗಿ, ಹಿಂದಿನದನ್ನು ಕಂಠಪಾಠದಂತೆ ಬಲ್ಲ ಓದ್ುಗನಿಗೆ ದಿಕ್ಕು ತಪ್ಪುವುದುಂಟು.

ಈ ವಿಚಾರಕ್ಕೂ ನಮ್ಮ ತರಗತಿಗಳಿಗೂ ನೇರವಾದ ಸಂಬಂಧವಿದೆ. ಪ್ರೋಗ್ರಾಂ ಬರೆದು, ನಡೆಸಿ, ಉತ್ತರ ಸರಿಬಂದ ಮೇಲೆ ಪ್ರಯೋಗದ ದಾಖಲೆ ಪುಸ್ತಕದ ಎಡಪುಟದಲ್ಲಿ ಫ್ಲೋಚಾರ್ಟನ್ನು ಬರೆದು ಸಹಿ ಪಡೆಯುವ ವಾಡಿಕೆ ಅಧ್ಯಾಪಕರಿಗೆ ಅಪರಿಚಿತವಲ್ಲ. ನಾವೂ ಅಂಥ ಪುಟಗಳಿಗೆ ಸಹಿ ಹಾಕಿದವರೇ. ಬ್ರೂಕ್ಸ್ ಅವರು ೧೯೭೫ರಲ್ಲಿ ಖಂಡಿಸಿದ್ದು ಇದನ್ನೇ. ಕೈಯ ಬದಲು ಬ್ರೌಸರು ಬರೆದುಕೊಟ್ಟ ಮಾತ್ರಕ್ಕೆ ಈ ವಾಡಿಕೆ ವಿದ್ಯೆಯಾಗುವುದಿಲ್ಲ. ಮತ್ತೆ ಬರೆಯುವ ಶ್ರಮ ತಪ್ಪಿರುವುದರಿಂದ, ನಕ್ಷೆಯನ್ನು ಅದರ ಹಳೆಯ ಸ್ಥಾನಕ್ಕೆ, ಸಂಕೇತಕ್ಕೆ ಮೊದಲಿನ ಸ್ಥಾನಕ್ಕೆ, ಮರಳಿ ತರುವ ಅವಕಾಶ ಈಗ ಒದಗಿದೆ. ವಿದ್ಯಾರ್ಥಿಯು ಮೊದಲು ಐದಾರು ಸಾಲುಗಳಲ್ಲಿ ನಕ್ಷೆಯ ಪಾಠವನ್ನು ಕನ್ನಡದಲ್ಲಿ ಬರೆಯಲಿ. ಪ್ರೋಗ್ರಾಂ ತಪ್ಪಿದಾಗ ಎರಡನ್ನೂ ಹೋಲಿಸಿ, ತಪ್ಪು ಯಾವುದರಲ್ಲಿದೆಯೆಂದು ನಿರ್ಣಯಿಸಲಿ. ತಿದ್ದಿದಾಗ ಎರಡನ್ನೂ ತಿದ್ದಲಿ. ಅಧ್ಯಾಪಕರು ಸಹಿ ಹಾಕುವ ಮುನ್ನ ೪೮ ಮತ್ತು ೧೮ರಂಥ ಒಂದು ಜೊತೆಯನ್ನು ಕೊಟ್ಟು, ನಕ್ಷೆಯ ಬಾಣಗಳ ಮೇಲೆ ಬೆರಳಿಟ್ಟು ನಡೆಯಿಸಿ ನೋಡಲಿ. ಬೆರಳು ನಿಂತ ಪೆಟ್ಟಿಗೆಯೂ ಯಂತ್ರವು ಕೊಟ್ಟ ಶೇಷವೂ ಒಂದಕ್ಕೊಂದು ಹೊಂದಿದರೆ ಆ ನಕ್ಷೆಗೆ ಸಹಿ ಹಾಕಬಹುದು.